ಸಂಬಳ ಬರೆದಿದ್ದ ನೋಟೀಸು

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಪಕ್ಕದ ಗೋಡೆಯ ಮೇಲೆ 'ಬೇಕಾಗಿದ್ದಾರೆ' ನೋಟೀಸುಗಳನ್ನು ಅಂಟಿಸುವುದು ನಮ್ಮ ಕಡೆಯ ರೂಢಿ. ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಬೇಕಾಗಿದ್ದಾರೆ, ಹೋಂಸ್ಟೇಗೆ ಅಡುಗೆಯವರು ಬೇಕಾಗಿದ್ದಾರೆ, ಪಿಕಪ್ಪಿಗೆ ಡ್ರೈವರ್ ಬೇಕಾಗಿದ್ದಾರೆ. ಕೆಳಗೊಂದು ಫೋನ್ ನಂಬರು. ಪೇಟೆಗೆ ಹೋದಾಗಲೆಲ್ಲ ನಾನು ಆ ಗೋಡೆಯನ್ನು ತಪ್ಪದೆ ಓದುತ್ತಿದ್ದೆ. ಕೆಲಸ ಹುಡುಕುವುದಕ್ಕಲ್ಲ, ಯಾವ ತೋಟದಲ್ಲಿ ಯಾರು ಬಿಟ್ಟು ಹೋದರು ಎಂದು ತಿಳಿಯುವ ಚಪಲಕ್ಕೆ. ಒಂದೊಂದು ನೋಟೀಸಿನಲ್ಲಿ ಕುಡಿಯಬಾರದು, ಮದುವೆಯಾಗಿರಬೇಕು, ಬೈಕ್ ಇರಬೇಕು ಎಂದು ಹತ್ತು ಷರತ್ತು ಇರುತ್ತಿದ್ದವು. ಸಂಬಳ ಎಷ್ಟು ಎನ್ನುವುದೊಂದು ಬಿಟ್ಟು ಬಾಕಿಯೆಲ್ಲ ಇರುತ್ತಿತ್ತು.

ಹೋದ ವರ್ಷ ಕಾಫಿ ಕುಯ್ಲು ಮುಗಿದ ವಾರ ಬ್ಯಾಂಕಿನ ಕೆಲಸಕ್ಕೆಂದು ಪೇಟೆಗೆ ಬಂದಿದ್ದೆ. ಗೋಡೆಯ ಮುಂದೆ ಏಳೆಂಟು ಜನ ಗುಂಪು ಕಟ್ಟಿ ನಿಂತಿದ್ದರು. ಯಾರೋ ತೀರಿಕೊಂಡಿರಬೇಕು, ಶ್ರದ್ಧಾಂಜಲಿಯ ಪೋಸ್ಟರ್ ಹಾಕಿದ್ದಾರೆ ಎಂದುಕೊಂಡು ನಾನೂ ಕತ್ತು ಉದ್ದ ಮಾಡಿದೆ. ನೋಡಿದರೆ ಕಳಸದ ಕಡೆಯ ಒಂದು ಎಸ್ಟೇಟಿನ ನೋಟೀಸು. 'ರೈಟರ್ ಬೇಕಾಗಿದ್ದಾರೆ. ಹೆಂಗಸರಾದರೂ ಸರಿ, ಗಂಡಸರಾದರೂ ಸರಿ. ಸಂಬಳ ತಿಂಗಳಿಗೆ 24,000ದಿಂದ 30,000, ಅನುಭವ ನೋಡಿ. ಇರಲು ಕ್ವಾರ್ಟರ್ಸ್ ಬೇರೆ.'

"ಪ್ರಿಂಟಿಂಗ್ ಮಿಸ್ಟೇಕ್ ಇರ್ಬೇಕು ಮಾರಾಯ" ಎಂದ ಒಬ್ಬ.

"ಎರಡು ಸಲ ಮಿಸ್ಟೇಕ್ ಆಗುತ್ತಾ?" ಎಂದ ಇನ್ನೊಬ್ಬ.

ಕೊಡೆ ಹಿಡಿದಿದ್ದ ಹಿರಿಯರೊಬ್ಬರು, ನೋಡಿದರೆ ಸ್ವಂತ ತೋಟ ಇದ್ದವರ ಹಾಗಿದ್ದರು, ಬೇಸರದಿಂದ ತಲೆಯಾಡಿಸಿದರು. "ಸಂಬಳನ ಹಿಂಗೆ ಬೀದೀಲಿ ಬರ್ಕೊಳ್ತಾರಾ? ನಾಳೆ ನಮ್ಮ ಮನೆ ರೈಟರ್ ಬಂದು ಓದಲ್ವಾ?"

ಅವರ ಮನೆಯ ರೈಟರ್ ಓದಿದನೋ ಇಲ್ಲವೋ ಗೊತ್ತಿಲ್ಲ. ದೇವರಮನೆ ಬೆಟ್ಟದ ದಾರಿಯಲ್ಲಿರುವ ಒಂದು ತೋಟದ ರೈಟರ್ ಆಗಲೇ ಅವರ ಬೆನ್ನ ಹಿಂದೆ ನಿಂತು ಓದಿಯಾಗಿತ್ತು. ಅದು ನಾನು. ಹದಿನೇಳು ವರ್ಷದಿಂದ ಅದೇ ತೋಟದ ಆಫೀಸಿನಲ್ಲಿದ್ದೆ. ಆಳುಗಳ ಹಾಜರಿ, ಗೊಬ್ಬರದ ಸ್ಟಾಕು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ ಮೆಕ್ಯಾನಿಕ್, ಪಿಎಫ್ ಫಾರಂ, ಆಳುಗಳಿರುವ ಲೈನ್‌ಮನೆಗಳ ಜಗಳ, ಎಲ್ಲ ನನ್ನ ತಲೆಯ ಮೇಲೆಯೇ. ಇಷ್ಟಕ್ಕೂ ನನಗೆ ಬರುತ್ತಿದ್ದುದು ತಿಂಗಳಿಗೆ ಹದಿನೈದೂವರೆ ಸಾವಿರ. ಅದು ಕಡಿಮೆ ಎಂದು ಆ ಗಳಿಗೆಯವರೆಗೆ ನನಗೆ ಅನಿಸಿದ್ದೇ ಇಲ್ಲ. ಕಡಿಮೆ ಎನ್ನಬೇಕಾದರೆ ಪಕ್ಕದಲ್ಲಿ ಇನ್ನೊಂದು ಅಂಕಿ ಇರಬೇಕಲ್ಲ, ಅದು ಈವರೆಗೆ ಯಾವ ಗೋಡೆಯ ಮೇಲೂ ಕಂಡಿರಲಿಲ್ಲ.

ಗುಂಪಿನ ಹಿಂದಿನಿಂದ ಕೈ ಎತ್ತಿ ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡೆ. ಅದು ಅಲುಗಿತ್ತು. ಇನ್ನೊಂದು ಹೊಡೆದೆ. ಬ್ಯಾಂಕಿಗೆ ಹೋಗುವುದನ್ನೇ ಮರೆತು ಬಸ್‌ಸ್ಟ್ಯಾಂಡನ್ನು ಎರಡು ಸುತ್ತು ಹೊಡೆದೆ. ಸಂತೋಷವೋ ಸಿಟ್ಟೋ ಹೇಳುವುದಕ್ಕೆ ಬರುತ್ತಿರಲಿಲ್ಲ. ಎರಡೂ ಇದ್ದವು ಎಂದರೆ ಸರಿ.

ನಮ್ಮ ಬೆಟ್ಟದ ಸೀಮೆಯಲ್ಲಿ ಕೆಲಸಕ್ಕೆ ಸೇರುವ ರೀತಿಯೇ ಬೇರೆ. ಸಾಹುಕಾರ್ರ ಮನೆಯ ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ಊರು ಕೇರಿ ವಿಚಾರಿಸುತ್ತಾರೆ. ಲೋಟ ಖಾಲಿಯಾಗುವ ಹೊತ್ತಿಗೆ "ಕೆಲಸ ನೋಡಿ ಕೊಡೋಣ" ಎನ್ನುತ್ತಾರೆ. ಕೂತವರು ಎದ್ದು ನಿಂತು "ನೀವು ಕೊಟ್ಟಿದ್ದು" ಎನ್ನಬೇಕು. ಅಲ್ಲಿಗೆ ಮಾತು ಮುಗಿಯಿತು. ಎಷ್ಟು ಎಂದು ಕೇಳಿದರೆ ಅವರ ದೊಡ್ಡತನದ ಮೇಲೆ ಅನುಮಾನ ಪಟ್ಟ ಹಾಗೆ. ನಮ್ಮಪ್ಪ ಅದೇ ತೋಟದಲ್ಲಿ ಮೇಸ್ತ್ರಿಯಾಗಿದ್ದರು, ಅವರು ಹಾಗೆಯೇ ಸೇರಿದ್ದು. ಬಿಕಾಂ ಮುಗಿಸಿದ ಮೇಲೆ ನಾನೂ ಹಾಗೆಯೇ ಸೇರಿದೆ. ಕಾಲೇಜಿನಲ್ಲಿ ಕಲಿತದ್ದೆಲ್ಲ ಆ ಜಗಲಿಯ ಮೆಟ್ಟಿಲ ಹತ್ತಿರ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗಿದ್ದೆ ಎಂದು ಕಾಣುತ್ತದೆ.

ನಮ್ಮ ಸಾಹುಕಾರ್ರು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಅಪ್ಪ ಕಾಯಿಲೆ ಬಿದ್ದಾಗ ತಮ್ಮ ಕಾರಿನಲ್ಲೇ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರು. ಪ್ರತಿ ವರ್ಷ ಕುಯ್ಲು ಮುಗಿದ ಮೇಲೆ ಕೇಳದೆಯೇ ಐನೂರೋ ಆರುನೂರೋ ಏರಿಸುತ್ತಿದ್ದರು. ನಾನು ಕೈಮುಗಿದು ಬರುತ್ತಿದ್ದೆ. 'ಹೋದ ವರ್ಷಕ್ಕಿಂತ ಜಾಸ್ತಿಯೇ ಅಲ್ಲವಾ' ಎಂದುಕೊಂಡರೆ ಸಮಾಧಾನವಾಗುತ್ತಿತ್ತು.

ಆ ದಿನ ಸಂಜೆ ನನ್ನ ಗಂಡನಿಗೆ ಫೋಟೋ ತೋರಿಸಿದೆ. ಅವರು ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆ ಜೀಪು ಓಡಿಸುತ್ತಾರೆ. ನೋಟೀಸಿನ ಸುದ್ದಿ ಆಗಲೇ ಜೀಪಿನವರ ನಡುವೆ ಓಡಾಡಿ ಹಳತಾಗಿತ್ತು.

"ನೋಡ್ದೆ. ನಿಂಗೆ ಹೇಳ್ಬೇಕು ಅಂತಿದ್ದೆ. ಹೇಳಿದ್ರೆ ನೀನು ಕುಣಿತೀಯ ಅಂತ ಸುಮ್ನಿದ್ದೆ" ಎಂದರು.

ನಾನು ಕುಣಿಯುತ್ತಲೇ ಇದ್ದೆ. ಕೆಲವು ದೇಶಗಳಲ್ಲಿ ಕೆಲಸದ ಜಾಹೀರಾತು ಕೊಡುವವರು ಸಂಬಳ ಎಷ್ಟರಿಂದ ಎಷ್ಟರವರೆಗೆ ಎಂದು ಹಾಕಲೇಬೇಕೆಂಬ ಕಾಯಿದೆ ಇದೆಯಂತೆ, ಫೋನಿನಲ್ಲಿ ಎಲ್ಲೋ ಓದಿದ್ದೆ. ಓದಿದಾಗ ನಮಗೆ ಸಂಬಂಧವಿಲ್ಲದ್ದು ಎಂದು ಬಿಟ್ಟಿದ್ದೆ. ಈಗ ಅದನ್ನೇ ಅವರ ಮುಂದೆ ಭಾಷಣ ಮಾಡಿದೆ. ಸೀರೆ ಅಂಗಡಿಯವರು ಬೆಲೆ ಹಾಕುತ್ತಾರೆ, ಹೋಟೆಲಿನವರು ದೋಸೆಗೆ ಬೆಲೆ ಹಾಕುತ್ತಾರೆ, ನೀವು ಜೀಪಿಗೆ ದೇವರಮನೆಗೆ ಇಷ್ಟು ಎಂದು ಬೋರ್ಡು ಹಾಕುತ್ತೀರಿ, ಮನುಷ್ಯರ ದುಡಿಮೆಗೆ ಮಾತ್ರ ಹಾಕಬಾರದಾ, ಇದು ಇಲ್ಲೂ ಕಾಯಿದೆ ಆಗಬೇಕು ಎಂದೆ.

"ಕಾಯಿದೆ ಆಮೇಲೆ ಮಾಡೀಯಂತೆ. ಮೊದಲು ಫೋನ್ ಮಾಡು" ಎಂದರು.

ಮಾಡಿದೆ. ಆ ಕಡೆಯಿಂದ ಹೆಂಗಸಿನ ದನಿ. ತೋಟ ಅವರದೇ. ನನ್ನ ಅನುಭವ ಕೇಳಿ, ಗುರುವಾರ ಬೆಳಿಗ್ಗೆ ಬನ್ನಿ ಎಂದರು. ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದರು, ಜೀಪು ಎಲ್ಲಿ ಓಡಿಸಿದರೂ ಓಡುತ್ತದೆ, ಕಳಸದ ಕಡೆ ಹೊರನಾಡು ದೇವಸ್ಥಾನದ ಭಕ್ತರ ಬಾಡಿಗೆಯೂ ಸಿಗುತ್ತದೆ. ಹೋಗದೆ ಇರುವುದಕ್ಕೆ ಒಂದು ಕಾರಣವೂ ಉಳಿಯಲಿಲ್ಲ. ಸಾಹುಕಾರ್ರಿಗೆ ಒಂದು ದಿನ ರಜೆ ಬೇಕು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನನಗೆ ಅದೇ ಚುಚ್ಚಿತು.

ಗುರುವಾರ ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ನನಗೆ ತಾಲೀಮು. ಅನುಭವ ನೋಡಿ ಎಂದು ಬರೆದಿದ್ದಾರೆ, ಹದಿನೇಳು ವರ್ಷಕ್ಕಿಂತ ಅನುಭವ ಇನ್ನೇನು, ಮೂವತ್ತೇ ಕೇಳಬೇಕು ಎಂದು ಇಬ್ಬರೂ ತೀರ್ಮಾನಿಸಿದ್ದೆವು. ಪ್ರತಿ ತಿರುವಿನಲ್ಲೂ ನನ್ನ ಗಂಡ ದನಿ ಬದಲಿಸಿ "ಎಷ್ಟು ಬೇಕಮ್ಮ?" ಎನ್ನುವರು, ನಾನು "ಮೂವತ್ತು" ಎನ್ನಬೇಕು. ಮೊದಮೊದಲು ನನಗೇ ಕೇಳದಷ್ಟು ಮೆಲ್ಲಗೆ ಬರುತ್ತಿತ್ತು. ಸಂಸೆಯ ಹತ್ತಿರ ಬರುವ ಹೊತ್ತಿಗೆ ಎಷ್ಟು ಜೋರಾಗಿ ಹೇಳುತ್ತಿದ್ದೆನೆಂದರೆ, ರಸ್ತೆ ಬದಿಯಲ್ಲಿ ಸೌದೆ ಹೊತ್ತು ಹೋಗುತ್ತಿದ್ದ ಹೆಂಗಸರು ತಿರುಗಿ ನೋಡಿ ನಕ್ಕರು.

ಆ ಮೇಡಂಗೆ ಐವತ್ತರ ಆಸುಪಾಸು. ಗಂಬೂಟು ಹಾಕಿಕೊಂಡು ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದರು. ಜಗಲಿಯೂ ಇಲ್ಲ, ಕುರ್ಚಿಯೂ ಇಲ್ಲ. ಬಾಗಿ ಒಂದು ಹಿಡಿ ಪಾರ್ಚ್‌ಮೆಂಟ್, ಅಂದರೆ ತೊಳೆದು ಬಿಸಿಲಿಗೆ ಹಾಕಿದ ಬೀಜ, ನನ್ನ ಕೈಗೆ ಸುರಿದು "ಹೇಗಿದೆ ನೋಡಿ" ಎಂದರು. ಒಂದನ್ನು ಹಲ್ಲಿನಲ್ಲಿ ಕಡಿದೆ. ಇನ್ನೂ ಮೆತ್ತಗಿತ್ತು.

"ಇನ್ನು ಎರಡು ಬಿಸಿಲು ಬೇಕು ಮೇಡಂ. ಈಗ ಮೂಟೆ ಕಟ್ಟಿದ್ರೆ ಮುಗ್ಗಲು ಹಿಡಿಯುತ್ತೆ."

"ನಮ್ಮ ಮೇಸ್ತ್ರಿ ಸಾಕು ಅಂತಾನೆ."

"ಅವ್ರು ಕಣದ ಆ ಮೂಲೆದು ನೋಡಿರ್ಬೇಕು. ಈ ಕಡೆ ಸಿಲ್ವರ್ ಮರದ ನೆರಳು ಬೀಳುತ್ತಲ್ಲ."

ಅವರು ಮರವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಫೀಸಿಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ಕೇಳಿದರು. ಕುಯ್ಲಿನ ನಡುವೆ ಆಳುಗಳು ಬಿಟ್ಟು ಹೋದರೆ ಏನು ಮಾಡುತ್ತೀರಿ, ಆನೆ ಬಂದ ದಿನ ಕೆಲಸ ಹೇಗೆ ಹಂಚುತ್ತೀರಿ. ಒಂದಕ್ಕೂ ನಾನು ತಡವರಿಸಲಿಲ್ಲ. ಇಷ್ಟೆಲ್ಲ ನನಗೆ ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ, ಕೇಳಿದವರಿಲ್ಲವಲ್ಲ. ಒಳಗೊಳಗೇ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಕೊನೆಗೆ ಅವರು ಪೆನ್ನು ಎತ್ತಿಕೊಂಡು ಕೇಳಿದರು. "ನೋಟೀಸಲ್ಲಿ ಸಂಬಳ ನೋಡಿದ್ದೀರಲ್ಲ. ನಿಮ್ಮ ಅನುಭವಕ್ಕೆ ಅದರಲ್ಲಿ ಎಷ್ಟು ಸರಿ ಅಂತ ನಿಮಗನಿಸುತ್ತೆ?"

ನಾನು ಎದ್ದು ನಿಂತೆ. ಯಾಕೆ ಎದ್ದೆನೋ ಇವತ್ತಿಗೂ ತಿಳಿಯದು. ಎದ್ದ ಕೂಡಲೇ ಬಾಯಿ ತನ್ನಷ್ಟಕ್ಕೆ ತಾನು ಹೇಳಿತು. "ನೀವು ಕೊಟ್ಟಿದ್ದು ಮೇಡಂ."

"ಹಾಗಲ್ಲ, ನೀವೇ ಹೇಳಿ."

"ನಿಮಗೆ ಗೊತ್ತಿಲ್ದೇ ಇರೋದು ಏನಿದೆ."

ಅವರು ಪೆನ್ನಿನ ಮುಚ್ಚಳ ತೆಗೆದರು. ನಾನು ನಗುತ್ತಾ ನಿಂತಿದ್ದೆ. "ಹಾಗಾದ್ರೆ ಇಪ್ಪತ್ತನಾಲ್ಕಕ್ಕೆ ಶುರು ಮಾಡೋಣ್ವಾ?"

"ಧಾರಾಳ ಆಯ್ತು ಮೇಡಂ" ಎಂದೆ. ಕೈ ಬೇರೆ ಮುಗಿದೆ.

ಜೀಪಿನ ಹತ್ತಿರ ಬಂದಾಗ ನನ್ನ ಗಂಡ ಗಾಜು ಒರೆಸುತ್ತಿದ್ದರು. ಕೆಲಸ ಸಿಕ್ಕಿತಾ ಎಂದರು. ಸಿಕ್ಕಿತು ಎಂದೆ. ಎಷ್ಟಕ್ಕೆ ಎಂದರು. ಇಪ್ಪತ್ತನಾಲ್ಕು ಎಂದೆ.

"ಮೂವತ್ತು ಕೇಳಿದ್ದಕ್ಕೆ ಇಪ್ಪತ್ತನಾಲ್ಕು ಅಂದ್ರಾ?"

"ಕೇಳ್ಲಿಲ್ಲ."

"ಮತ್ತೆ ಎಂತ ಹೇಳ್ದೆ?"

"ನೀವು ಕೊಟ್ಟಿದ್ದು ಅಂದೆ."

ಅವರು ಬಾನೆಟ್ಟಿನ ಮೇಲೆ ತಲೆ ಇಟ್ಟು ಭುಜ ಕುಣಿಯುವಷ್ಟು ನಕ್ಕರು. "ಅಲ್ಲ ಮಾರಾಯ್ತಿ, ಕೊಟ್ಟಿಗೆಹಾರದಿಂದ ಇಲ್ಲಿ ತನಕ ನಲವತ್ತು ಸಲ ಹೇಳಿದ್ಯಲ್ಲ. ನಂಗೇ ಬಾಯಿಪಾಠ ಆಗಿದೆ. ನಾನೇ ಹೋಗಿ ಹೇಳಿ ಬರ್ಲಾ?" ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಹೋಗ್ಲಿ ಬಿಡು. ಈಗ ಬರೋದಕ್ಕಿಂತ ಜಾಸ್ತಿನೇ ಅಲ್ವಾ?"

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಅದು ನಾನು ಹದಿನೇಳು ವರ್ಷ ನನಗೆ ನಾನೇ ಹೇಳಿಕೊಂಡ ಮಾತು. ನೆತ್ತಿಗೆ ಸಿಟ್ಟು ಏರಿತು. ಆ ಮೇಡಂ ಮೇಲಲ್ಲ, ಗಂಡನ ಮೇಲೂ ಅಲ್ಲ, ನನ್ನ ಮೇಲೆಯೇ. ಅವರು ಅಂಕಿಯನ್ನು ಊರಿಗೆಲ್ಲ ಕಾಣುವ ಹಾಗೆ ಗೋಡೆಗೆ ಅಂಟಿಸಿದ್ದರು. ಕೂರಿಸಿಕೊಂಡು ಎರಡು ಸಲ ಕೇಳಿದರು. ನಾನು ಮರ್ಯಾದಸ್ಥಳಾಗಲು ಹೋಗಿ ತಿಂಗಳಿಗೆ ಆರು ಸಾವಿರವನ್ನು ಕೈಮುಗಿದು ವಾಪಸು ಕೊಟ್ಟು ಬಂದಿದ್ದೆ. ಇಂಥ ದಡ್ಡತನ ನಮ್ಮ ಕಡೆಯವರನ್ನು ಬಿಟ್ಟು ಬೇರೆ ಯಾರಾದರೂ ಮಾಡುತ್ತಾರಾ? ಬ್ಯಾಗನ್ನು ಜೀಪಿನೊಳಗೆ ಎಸೆದು ತಿರುಗಿ ಆಫೀಸಿನ ಕಡೆ ನಡೆದೆ.

ಮೇಡಂ ಇನ್ನೂ ಮೇಜಿನ ಮುಂದೆಯೇ ಇದ್ದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ. "ಮೇಡಂ, ನಾನು ಆಗ ಹೇಳಿದ್ದು ಸುಳ್ಳು."

ಅವರು ಕನ್ನಡಕ ತೆಗೆದರು. "ಯಾವುದು? ಹದಿನೇಳು ವರ್ಷದ ಅನುಭವನಾ?"

"ಅದು ನಿಜ. ಧಾರಾಳ ಆಯ್ತು ಅಂದಿದ್ದು ಸುಳ್ಳು. ನಂಗೆ ಮೂವತ್ತು ಬೇಕು."

ಹೇಳಿಬಿಟ್ಟಿದ್ದೆ. ಅವರಿಗೆ ನಗು ಬಂದರೂ ತಡೆದುಕೊಂಡು ಕೂರಲು ಹೇಳಿದರು. ಈ ಸಲ ಕೂತೇ ಮಾತಾಡಿದೆ.

"ಮೇಲಿನ ಅಂಕಿನೇ ಯಾಕೆ ಕೊಡ್ಬೇಕು, ಹೇಳಿ ನೋಡೋಣ."

"ನಿಮ್ಮ ಕಣದ ನೆರಳು ನಿಮ್ಮ ಮೇಸ್ತ್ರಿಗೆ ಕಾಣ್ಲಿಲ್ಲ, ನಂಗೆ ಬಂದ ಐದು ನಿಮಿಷಕ್ಕೆ ಕಾಣ್ತು. ಲೈನ್‌ಮನೆ ಹೆಂಗಸರು ತಮ್ಮ ಕಷ್ಟ ಗಂಡಸು ರೈಟರ್ ಹತ್ರ ಹೇಳಲ್ಲ, ನನ್ನ ಹತ್ರ ಹೇಳ್ತಾರೆ. ಅದಕ್ಕೇ ನಮ್ಮ ತೋಟದಲ್ಲಿ ಕುಯ್ಲಿನ ನಡುವೆ ಯಾರೂ ಬಿಟ್ಟು ಹೋಗಿಲ್ಲ. ನಾನೂ ಹೋಗಿಲ್ಲ. ಹದಿನೇಳು ವರ್ಷದಲ್ಲಿ ಬೇರೆ ಕೆಲಸ ಕೇಳ್ಕೊಂಡು ಹೊರಟಿದ್ದು ಇವತ್ತೇ."

ಅವರು ಮೇಜಿನ ಮೇಲೆ ಪೆನ್ನು ಉರುಳಿಸುತ್ತಾ ಯೋಚಿಸಿದರು. ಆಮೇಲೆ ತಮ್ಮ ಕಥೆ ಹೇಳಿದರು. ಹಿಂದಿನ ಸಲ ಸಂಬಳ ಬರೆಯದೆ ನೋಟೀಸು ಹಾಕಿದ್ದರಂತೆ. ಹನ್ನೊಂದು ಜನ ಬಂದರಂತೆ. ಹನ್ನೊಂದು ಜನಕ್ಕೂ ಕಾಫಿ, ಉಪ್ಪಿಟ್ಟು. ಎಲ್ಲರೂ "ನೀವು ಕೊಟ್ಟಿದ್ದು" ಎಂದು ಕೈಮುಗಿದು ಹೋದವರು, ಎಷ್ಟು ಎಂದು ಫೋನಿನಲ್ಲಿ ತಿಳಿಸಿದ ಮೇಲೆ ಒಬ್ಬರೂ ತಿರುಗಿ ಬರಲಿಲ್ಲವಂತೆ. "ಅದಕ್ಕೆ ಈ ಸಲ ಮೊದಲೇ ಬರೆದೆ. ನೋಡಿದ್ರೆ ಬರೆದ ಮೇಲೂ ಅದೇ ಕಥೆ. ಹೋದವರು ವಾಪಸ್ ಬಂದು ಕೇಳಿದ್ದು ನೀವೊಬ್ಬರೇ."

ಇಪ್ಪತ್ತೊಂಬತ್ತಕ್ಕೆ ನಿಂತಿತು. ಮುಂದಿನ ಕುಯ್ಲು ಮುಗಿದ ಮೇಲೆ ಮೂವತ್ತು. ಅದನ್ನು ಕಾಗದದಲ್ಲಿ ಬರೆದುಕೊಡಿ ಎಂದೆ. ಇಷ್ಟು ಹೊತ್ತಿಗೆ ನನಗೆ ಭಂಡ ಧೈರ್ಯ ಬಂದುಬಿಟ್ಟಿತ್ತು. ಬರೆದುಕೊಟ್ಟರು. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಕಾಗದವನ್ನು ಬಿಚ್ಚಿ ಓದುವುದು, ಮಡಚುವುದು, ಮತ್ತೆ ಬಿಚ್ಚುವುದು. ಹಾಳೆ ಗಾಳಿಗೆ ಹಾರಿಹೋದರೆ ನಾನು ಜೀಪು ನಿಲ್ಲಿಸುವುದಿಲ್ಲ ಎಂದು ಗಂಡ ಹೆದರಿಸಿದರು. ಅಷ್ಟು ಖುಷಿಯಾದ ದಿನ ನನಗೆ ಇನ್ನೊಂದು ನೆನಪಿಲ್ಲ, ಮದುವೆಯ ದಿನವೂ ಸೇರಿ. ಇದನ್ನು ಓದಿದರೆ ಅವರೂ ಒಪ್ಪುತ್ತಾರೆ.

ಆದರೆ ಮಾರನೆಯ ಬೆಳಿಗ್ಗೆ ಸಾಹುಕಾರ್ರ ಜಗಲಿಯ ಮೆಟ್ಟಿಲು ಹತ್ತುವಾಗ ಆ ಖುಷಿಯೆಲ್ಲ ಎಲ್ಲಿ ಹೋಯಿತೋ. ಅವರು ಪೇಪರ್ ಓದುತ್ತಾ ಕೂತಿದ್ದರು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಪೀಠಿಕೆ ಮರೆತುಹೋಯಿತು.

"ಸಾಹುಕಾರ್ರೇ, ನಾನು ಕೆಲಸ ಬಿಡ್ತಾ ಇದ್ದೀನಿ."

ಅವರು ಪೇಪರ್ ಇಳಿಸಿದರು. ಮೊದಲು ಕೇಳಿದ್ದು, "ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಕಳಸದ ಕಡೆ ಒಂದು ಎಸ್ಟೇಟಲ್ಲಿ ಇಪ್ಪತ್ತೊಂಬತ್ತು ಕೊಡ್ತಾರೆ."

ಪೇಪರ್ ಅವರ ತೊಡೆಯಿಂದ ಜಾರಿ ಕೆಳಗೆ ಬಿತ್ತು. ಕಾಫಿ ಬಂತು, ಇಬ್ಬರಿಗೂ. ಅವರು ಕುಡಿಯಲಿಲ್ಲ. "ನೀನು ಒಂದು ಮಾತು ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ನೋವಿತ್ತು. ನನಗೆ ಕಣ್ಣು ತುಂಬಿ ಬಂತು. ತಪ್ಪು ನನ್ನದೇ, ಒಂದು ಮಾತು ಕೇಳಬೇಕಿತ್ತು, ಇಷ್ಟು ವರ್ಷ ಇವರ ಅನ್ನ ತಿಂದು ಗೋಡೆಯ ಮೇಲಿನ ಕಾಗದ ನೋಡಿ ಓಡುತ್ತಿದ್ದೇನಲ್ಲ ಎನಿಸಿತು. ಆಗ ಅವರು 'ಇರು' ಎಂದಿದ್ದರೆ ಇದ್ದುಬಿಡುತ್ತಿದ್ದೆ. ಅವರು ಕೊಡುತ್ತಿದ್ದುದಕ್ಕೆ ಒಂದೆರಡು ಸಾವಿರ ಸೇರಿಸಿ ಹೇಳಿದ್ದರೂ ಇದ್ದುಬಿಡುತ್ತಿದ್ದೆ.

ಅವರು ಹಾಗೆ ಹೇಳಲಿಲ್ಲ. ನಿಟ್ಟುಸಿರು ಬಿಟ್ಟು, "ಆಯ್ತು, ನಿಂಗೆ ಒಳ್ಳೇದಾಗ್ಲಿ. ಹೋಗೋ ಮುಂಚೆ ನಿನ್ನ ಜಾಗಕ್ಕೆ ಒಬ್ರನ್ನ ನೋಡ್ಬೇಕಲ್ಲ. ಪೇಟೇಲಿ ಅಂಟ್ಸೋಕೆ ಒಂದು ನೋಟೀಸು ನೀನೇ ಬರ್ಕೊಡು" ಎಂದರು.

ಒಳಗಿನಿಂದ ಹಾಳೆ ತಂದು ಜಗಲಿಯ ಕಟ್ಟೆಯ ಮೇಲೆ ಕೂತೆ. ರೈಟರ್ ಬೇಕಾಗಿದ್ದಾರೆ ಎಂದು ಬರೆದೆ. ಅನುಭವ ಇರಬೇಕು, ಕಂಪ್ಯೂಟರ್ ಬರಬೇಕು ಎಂದರು, ಬರೆದೆ.

"ಸಂಬಳ ಎಷ್ಟು ಅಂತ ಹಾಕ್ಲಿ?"

"ಅದೂ ಹಾಕ್ಬೇಕಾ?"

"ಹಾಕಿದ್ರೆ ಬೇಗ ಜನ ಸಿಗ್ತಾರೆ."

ಅವರು ಯೋಚನೆ ಮಾಡುವುದಕ್ಕೂ ನಿಲ್ಲಲಿಲ್ಲ. ಬಿದ್ದ ಪೇಪರನ್ನು ಎತ್ತಿಕೊಳ್ಳುತ್ತಾ ಹೇಳಿದರು. "ಇಪ್ಪತ್ತೆರಡು ಹಾಕು. ಅದಕ್ಕಿಂತ ಕಮ್ಮಿಗೆ ಈಗ ರೈಟರ್ ಯಾರು ಸಿಗ್ತಾರೆ?"

ಪೆನ್ನು ಹಾಳೆಯ ಮೇಲೆಯೇ ನಿಂತಿತು. ಅವರಿಗೆ ದರ ಗೊತ್ತಿತ್ತು. ಮುಖ ನೋಡದ, ಹೆಸರು ತಿಳಿಯದ ಯಾರಿಗೋ ಕೊಡಬೇಕಾದ ದರ ನಾಲಿಗೆಯ ತುದಿಯಲ್ಲೇ ಇತ್ತು.

"ನಾನು ಸಿಕ್ಕಿದ್ದೆನಲ್ಲ ಸಾಹುಕಾರ್ರೇ" ಎಂದೆ.

ಅವರು ತಲೆ ಎತ್ತಲಿಲ್ಲ. ಪೇಪರ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ನಾನು ಕಣ್ಣೊರೆಸಿಕೊಂಡು 22,000ದಿಂದ ಎಂದು ದಪ್ಪಗೆ ಬರೆದೆ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿಗೆ ಜಾಗ ಬಿಟ್ಟೆ. "ಎಷ್ಟರವರೆಗೆ?" ಎಂದು ಕೇಳಿದೆ, ಅವರು ಹೇಳುವವರೆಗೂ ಕೂತೇ ಇದ್ದೆ.